ಯಾವ ಕುನ್ನಿ ಯಾವ ಮನೆಗೆ

ಮಲೆನಾಡಿನ ಊರುನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆ ಕಳೆದ ಮೇಲೆ, ಕಾರ್ತಿಕದ ಆಸುಪಾಸಿನಲ್ಲಿ. ಗರ್ಭದ ಅವಧಿ ಸುಮಾರು 63 ದಿನ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿಯ ತೋಟದ ಮನೆಗಳಲ್ಲಿ ಅಡಿಕೆ ಸುಲಿತದ ಗಡಿಬಿಡಿ ಇರುವ ಜನವರಿ ಹೊತ್ತಿಗೆ, ಸೌದೆ ಕೊಟ್ಟಿಗೆಯ ಮೂಲೆಯಲ್ಲೋ ದರಗಿನ ರಾಶಿಯ ಸಂದಿಯಲ್ಲೋ ಐದಾರು ಕುನ್ನಿಗಳು ಕುಂಯ್‌ಗುಡುತ್ತಿರುತ್ತವೆ. ಮುಂದೆ ನಡೆಯುವುದು ಎಲ್ಲರಿಗೂ ಗೊತ್ತು. "ನಮ್ಮನಿಗೊಂದು ಗಂಡು ಕುನ್ನಿ ಇಟ್ಕಳಿ" ಎಂದು ಮೊದಲೇ ಹೇಳಿಟ್ಟವರು ಬಂದು ದುಂಡಗಿರುವುದನ್ನು ಎತ್ತಿಕೊಂಡು ಹೋಗುತ್ತಾರೆ. ಎರಡನೆಯವರು ಉಳಿದ ಗಂಡನ್ನು ಒಯ್ಯುತ್ತಾರೆ. ಕೊನೆಗೆ ಎರಡು ಮೂರು ಹೆಣ್ಣು ಉಳಿಯುತ್ತವೆ. ಎಷ್ಟೋ ಕಡೆ ಅವು ಒಂದು ಸಂಜೆ ಗೋಣಿಚೀಲದಲ್ಲಿ ಹೋಗಿ ಸಂತೆಮಾಳದ ಹತ್ತಿರ, ಹೋಟೆಲಿನ ಹಿಂದೆ, ಇಲ್ಲವೇ ಘಾಟಿಯ ತಿರುವಿನಲ್ಲಿ ಇಳಿಯುತ್ತವೆ.

ಈ ಕ್ರಮವನ್ನು ಬದಲಿಸಬಹುದು. ಬಂದವರು ಮರಿಯನ್ನು ಆರಿಸುವ ಬದಲು, ಕೊಡುವವರು ಮನೆಯನ್ನು ಆರಿಸಬೇಕು. ಎಂಟು ವಾರ ಆ ಮರಿಗಳನ್ನು ಹಗಲೂ ರಾತ್ರಿ ನೋಡಿದವರು ಕೊಡುವವರು. ಬಂದವರು ನೋಡುವುದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು.

ಎಂಟು ವಾರ ಎಂದದ್ದಕ್ಕೆ ಕಾರಣವಿದೆ. "ಸಣ್ಣದಿದ್ದಾಗಲೇ ತಂದರೆ ಚೆನ್ನಾಗಿ ಒಗ್ಗುತ್ತೆ" ಎಂದು ತಿಂಗಳಿಗೇ ಮರಿ ಒಯ್ಯುವ ರೂಢಿ ನಮ್ಮಲ್ಲಿ ಬಲವಾಗಿದೆ. ಅದು ತಪ್ಪು. ಮರಿಯ ಕಣ್ಣು ತೆರೆಯುವುದು ಹತ್ತರಿಂದ ಹದಿನಾಲ್ಕು ದಿನಕ್ಕೆ, ಕಿವಿ ಕೇಳತೊಡಗುವುದು ಮೂರನೇ ವಾರಕ್ಕೆ, ಗಂಜಿ ನೆಕ್ಕಲು ಕಲಿಯುವುದು ಮೂರು ನಾಲ್ಕು ವಾರಕ್ಕೆ. ಐದರಿಂದ ಎಂಟನೇ ವಾರದವರೆಗೆ ಅದು ಒಡಹುಟ್ಟಿದವುಗಳ ಜತೆ ಕಚ್ಚಾಡುತ್ತಾ, ಎಷ್ಟು ಬಿಗಿಯಾಗಿ ಕಚ್ಚಿದರೆ ಆಟ ನಿಲ್ಲುತ್ತದೆ ಎಂದು ಕಲಿಯುತ್ತದೆ. ತಾಯಿ ಗುರ್ ಎಂದಾಗ ಹಿಂದೆ ಸರಿಯುವುದನ್ನೂ ಆಗಲೇ ಕಲಿಯುವುದು. ಈ ಪಾಠ ತಪ್ಪಿದ ಮರಿ ಮುಂದೆ ಮಕ್ಕಳ ಕೈಯನ್ನು ಆಟಕ್ಕೆಂದೇ ಗಟ್ಟಿಯಾಗಿ ಹಿಡಿಯುತ್ತದೆ. ಕೇಂದ್ರ ಸರ್ಕಾರದ 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳೂ ಎಂಟು ವಾರದೊಳಗಿನ ಮರಿಯ ಮಾರಾಟವನ್ನು ನಿಷೇಧಿಸಿವೆ. ನಾವು ಪುಕ್ಕಟೆ ಕೊಡುವವರಿರಬಹುದು, ಮರಿಯ ಮಟ್ಟಿಗೆ ವ್ಯತ್ಯಾಸವೇನೂ ಇಲ್ಲ.

ಇನ್ನೊಂದು ಲೆಕ್ಕವನ್ನು ಗಮನದಲ್ಲಿಡಬೇಕು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ವರ್ಷಗಟ್ಟಲೆ ನಾಯಿಮರಿಗಳನ್ನು ಸಾಕಿ ಅಧ್ಯಯನ ಮಾಡಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರ ತಮ್ಮ ಪುಸ್ತಕದಲ್ಲಿ, ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗಿನ ಕಾಲವನ್ನು ಮರಿಯ ಬದುಕಿನ ನಿರ್ಣಾಯಕ ಘಟ್ಟವೆಂದು ತೋರಿಸಿದರು. ಈ ಅವಧಿಯಲ್ಲಿ ಕಂಡು ಕೇಳಿದ್ದೆಲ್ಲ ಅದಕ್ಕೆ ಸಹಜವಾಗುತ್ತದೆ, ಕಾಣದ್ದಕ್ಕೆ ಮುಂದೆ ಹೆದರಿಕೆ ಹೆಚ್ಚು. ಅರ್ಧಕ್ಕಿಂತ ಹೆಚ್ಚು ಭಾಗ ನಮ್ಮ ಅಂಗಳದಲ್ಲೇ ಕಳೆಯುತ್ತದಲ್ಲ, ಆದ್ದರಿಂದ ಕೊಡುವವರ ಕೆಲಸ ಅಲ್ಲಿಂದಲೇ ಶುರು. ಕುಕ್ಕರ್ ಸೀಟಿ, ಅಡಿಕೆ ಸುಲಿಯುವ ಯಂತ್ರ, ಕಳೆ ಕೊಚ್ಚುವ ಯಂತ್ರದ ಸದ್ದು ದೂರದಿಂದ ಕಿವಿಗೆ ಬೀಳಲಿ. ದನ, ಕೋಳಿ, ಬೆಕ್ಕು ಕಾಣಲಿ. ಹೆಲ್ಮೆಟ್ ಹಾಕಿದವರು, ಕಂಬಳಿ ಕೊಪ್ಪೆ ಹೊದ್ದವರು, ಕೊಡೆ ಬಿಚ್ಚಿದವರು, ಮಕ್ಕಳು, ಕೋಲೂರಿ ನಡೆಯುವ ಅಜ್ಜ ಎಲ್ಲರೂ ಮರಿಗಳ ಹತ್ತಿರ ಕೂತು ಮುಟ್ಟಲಿ. ಕೋಳಿಯ ಜತೆ ಬೆಳೆದ ಕುನ್ನಿ ಕೋಳಿ ಹಿಡಿಯುವುದು ಕಡಿಮೆ. ಕೋಳಿ ಸಾಕಿದ ಮನೆಗೆ ಮರಿ ಕೊಡುವಾಗ ಇದೊಂದೇ ಸಂಗತಿ ಎಷ್ಟೋ ಜಗಳ ಉಳಿಸುತ್ತದೆ.

ಮರಿಗಳ ಸ್ವಭಾವ ಗುರುತಿಸಲು ವಿಶೇಷ ವಿದ್ಯೆ ಬೇಕಿಲ್ಲ, ಒಂದು ನೋಟ್‌ಬುಕ್ ಸಾಕು. ಬಣ್ಣ ಒಂದೇ ಆಗಿದ್ದರೆ ಕುತ್ತಿಗೆಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರವನ್ನು ಸಡಿಲವಾಗಿ ಕಟ್ಟಿ, ಬೆಳೆದಂತೆ ಬದಲಿಸುತ್ತಿರಿ. ನಾಲ್ಕನೇ ವಾರದಿಂದ ದಿನಕ್ಕೊಂದು ಸಾಲು ಬರೆದರೂ ಎಂಟನೇ ವಾರಕ್ಕೆ ಚಿತ್ರ ಸ್ಪಷ್ಟವಾಗುತ್ತದೆ. ಯಾವುದು ಗಂಜಿ ತಟ್ಟೆಗೆ ಮೊದಲು ಬರುತ್ತದೆ, ಯಾವುದು ಉಳಿದವು ತಿಂದ ಮೇಲೆ ಬರುತ್ತದೆ, ಯಾವುದು ಎತ್ತಿಕೊಂಡರೆ ಒದ್ದಾಡುತ್ತದೆ, ಯಾವುದು ಮಡಿಲಲ್ಲಿ ನಿದ್ದೆ ಮಾಡುತ್ತದೆ ಎಂದು ನೋಡಿ. ಎಲ್ಲಕ್ಕಿಂತ ಮುಖ್ಯ, ಬೆಚ್ಚಿದ ಮೇಲೆ ಏನು ಮಾಡುತ್ತದೆ ಎಂಬುದು. ಪಾತ್ರೆಯ ಮುಚ್ಚಳ ಬಿದ್ದರೆ ಎಲ್ಲ ಮರಿಗಳೂ ಬೆಚ್ಚುತ್ತವೆ, ಅದು ಪುಕ್ಕಲುತನವಲ್ಲ. ಅರೆನಿಮಿಷದಲ್ಲಿ ವಾಪಸು ಬಂದು ಮುಚ್ಚಳ ಮೂಸುವ ಮರಿ ಯಾವ ಮನೆಗೂ ಹೊಂದಿಕೊಳ್ಳಬಲ್ಲದು. ಗೋಣಿಯ ಅಡಿ ಸೇರಿ ಹತ್ತು ನಿಮಿಷ ಹೊರಬಾರದ ಮರಿಗೆ ಗಲಾಟೆಯಿಲ್ಲದ, ತಾಳ್ಮೆಯ ಮನೆ ಬೇಕು.

ಊರಲ್ಲಿ ಬೇರೆ ಪರೀಕ್ಷೆಗಳೂ ಇವೆ. ಕಿವಿ ಹಿಡಿದು ಎತ್ತಿದಾಗ ಕೂಗದ ಮರಿ ಗಟ್ಟಿ ಎನ್ನುತ್ತಾರೆ, ಉಗುರು ಎಣಿಸಿ ಆರಿಸುತ್ತಾರೆ. ಕಿವಿ ಹಿಡಿದು ಎತ್ತಿದರೆ ಮರಿಗೆ ನೋವಾಗುತ್ತದೆ, ಮನುಷ್ಯರ ಕೈಯೆಂದರೆ ಭಯ ಹತ್ತುತ್ತದೆ, ಬೇರೇನೂ ತಿಳಿಯುವುದಿಲ್ಲ. ಅದನ್ನು ನಿಮ್ಮ ಅಂಗಳದಲ್ಲಿ ಯಾರಿಗೂ ಮಾಡಲು ಬಿಡಬೇಡಿ. ಉಗುರಿನ ಲೆಕ್ಕಕ್ಕೂ ನಿಯತ್ತಿಗೂ ಸಂಬಂಧವಿಲ್ಲ. ಹಾಗೆಂದು ಪರದೇಶದ ಪರೀಕ್ಷೆಗಳನ್ನೂ ಪೂರ್ತಿ ನಂಬುವಂತಿಲ್ಲ. 49ನೇ ದಿನ ಒಂದೇ ಬಾರಿ ಮರಿಗಳನ್ನು ಪರೀಕ್ಷಿಸಿ ಅಂಕ ಕೊಡುವ ವೋಲ್‌ಹಾರ್ಡ್ ಪರೀಕ್ಷೆ ಬಹಳ ಪ್ರಸಿದ್ಧ. ಆದರೆ ವಿಯೆನ್ನಾದ ಸಂಶೋಧಕರು ಬಾರ್ಡರ್ ಕಾಲಿ ಮರಿಗಳನ್ನು ಹುಟ್ಟಿನಿಂದ ಪ್ರಾಯದವರೆಗೆ ಹಿಂಬಾಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೇಳು ವಾರದಲ್ಲಿ ಮಾಡಿದ ಪರೀಕ್ಷೆಗೂ ದೊಡ್ಡ ನಾಯಿಯ ನಡತೆಗೂ ಹೊಂದಿಕೆ ತೀರಾ ಕಡಿಮೆ ಕಂಡಿತು. ಹೊಸದನ್ನು ಹುಡುಕಾಡುವ ಕುತೂಹಲ ಮಾತ್ರ ಸ್ವಲ್ಪಮಟ್ಟಿಗೆ ಉಳಿದುಬಂದಿತ್ತು. ಆದ್ದರಿಂದ ಒಂದು ದಿನದ ಪರೀಕ್ಷೆಗಿಂತ ವಾರಗಟ್ಟಲೆಯ ಗಮನ ಮೇಲು, ತಾಯಿಯ ಸ್ವಭಾವವನ್ನೂ ಅದರ ಜತೆಗಿಟ್ಟು ನೋಡಬೇಕು. ತಂದೆಯ ಲೆಕ್ಕ ಊರುನಾಯಿಯಲ್ಲಿ ಸಿಗುವುದಿಲ್ಲ. ಒಂದೇ ಸೂಲಿನ ಮರಿಗಳಿಗೆ ಎರಡು ಮೂರು ತಂದೆಯರಿರುವುದೂ ಉಂಟು, ಅಣ್ಣತಮ್ಮಂದಿರಲ್ಲಿ ಬಣ್ಣ, ಗಾತ್ರ, ಗುಣ ಅಷ್ಟೊಂದು ಬೇರೆಯಾಗಲು ಅದೂ ಒಂದು ಕಾರಣ.

ಇನ್ನು ಮನೆಗಳು. ಮರಿ ಕೇಳಿ ಬಂದವರನ್ನು ಜಗಲಿಯಲ್ಲಿ ಕೂರಿಸಿ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: "ನಿಮ್ಮಲ್ಲಿ ಮುಂಚೆ ಇದ್ದ ನಾಯಿ ಏನಾಯ್ತು?" ಹದಿಮೂರು ವರ್ಷ ಬಾಳಿ ವಯಸ್ಸಾಗಿ ಹೋಯಿತು ಎಂದರೆ ಬೇರೆ ಏನೂ ಕೇಳುವುದು ಬೇಡ. ಒಂದರ ಹಿಂದೆ ಒಂದು ಮೂರನ್ನು ಚಿರತೆ ಒಯ್ದಿತು ಎಂದರೆ, ಆ ಮನೆಯಲ್ಲಿ ನಾಯಿಯನ್ನು ರಾತ್ರಿ ಅಂಗಳದಲ್ಲಿ ಕಟ್ಟುತ್ತಾರೆ ಎಂದರ್ಥ. ಸರಪಳಿಯಲ್ಲಿರುವ ನಾಯಿಗೆ ಓಡಲೂ ಆಗದು. ಅಂಥವರಿಗೆ ಮರಿ ಇಲ್ಲ ಎನ್ನಬೇಕಿಲ್ಲ, ರಾತ್ರಿ ಜಗಲಿಯ ಒಳಗೆ ಅಥವಾ ಬಾಗಿಲಿರುವ ಕೊಟ್ಟಿಗೆಯಲ್ಲಿ ಮಲಗಿಸುವುದಾದರೆ ಮಾತ್ರ ಎಂದು ಹೇಳಿ. ರಕ್ತಭೇದಿಯಾಗಿ ಮರಿ ಸತ್ತಿತ್ತು ಎಂದರೆ, ಯಾವಾಗ ಎಂದು ಕೇಳಿ. ಅದು ಪಾರ್ವೊ ಆಗಿರಬಹುದು. ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆಯ ಎಲ್ಲ ಸುತ್ತು ಮುಗಿಯುವ ತನಕ ಆ ಅಂಗಳಕ್ಕೆ ಮರಿ ಇಳಿಸುವಂತಿಲ್ಲ.

ಹೊಸನಗರದ ಕಡೆಯ ಒಂಟಿ ಮನೆಗಳಲ್ಲಿ ನಾಯಿಯಿಂದ ಬಯಸುವುದು ಮುಖ್ಯವಾಗಿ ಮಂಗ ಓಡಿಸುವುದನ್ನು. ಅಡಿಕೆ, ಬಾಳೆ, ಏಲಕ್ಕಿ ಎಲ್ಲಕ್ಕೂ ಮಂಗನ ಕಾಟ ಇರುವಾಗ ಇದು ನ್ಯಾಯವಾದ ಬಯಕೆಯೇ. ಆದರೆ ಇದಕ್ಕೆ ಎಲ್ಲಕ್ಕಿಂತ ಧೈರ್ಯದ ಮರಿಯನ್ನೇ ಕೊಡುವುದು ತಪ್ಪು. ಅಂಥದ್ದು ಮಂಗನ ಹಿಂದೆ ಬೇಲಿ ದಾಟಿ ಕಾಡು ಹೊಕ್ಕು, ಕಾಡುಹಂದಿಯ ಕೋರೆಗೋ ಯಾರೋ ಕಟ್ಟಿದ ತಂತಿ ಉರುಳಿಗೋ ಸಿಕ್ಕಿಬೀಳುತ್ತದೆ. ತೋಟಕ್ಕೆ ಸರಿಯಾದದ್ದು ದೊಡ್ಡ ಗಂಟಲಿದ್ದು, ಸ್ವಲ್ಪ ದೂರ ಓಡಿ ತಿರುಗಿ ನಿಮ್ಮ ಮುಖ ನೋಡುವ ಮರಿ. ಆರೇಳು ವಾರದಲ್ಲೇ ಈ ತಿರುಗಿ ನೋಡುವ ಗುಣ ಕೆಲವು ಮರಿಗಳಲ್ಲಿ ಕಾಣುತ್ತದೆ. ಜೋಗ, ಆಗುಂಬೆ ಕಡೆಯ ಹೋಂಸ್ಟೇಗಳಿಗೆ ಇದರ ವಿರುದ್ಧದ್ದು ಬೇಕು, ವಾರಕ್ಕೊಮ್ಮೆ ಬದಲಾಗುವ ಮುಖಗಳನ್ನು ಕಂಡು ಬೆಚ್ಚದ, ಬೊಗಳದೆ ಬಾಲ ಆಡಿಸುವ ಮರಿ. ಸಾಗರ ಪೇಟೆಯ ಮನೆಗಾದರೆ ಕಾಂಪೌಂಡ್ ಗೇಟಿನ ಸಂದಿ ಎಷ್ಟಿದೆ, ಹೆದ್ದಾರಿ ಎಷ್ಟು ಹತ್ತಿರ ಎಂದು ಹೋಗಿ ನೋಡಿಯೇ ಬನ್ನಿ.

ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲಿ ಎಪ್ಪತ್ತು ದಾಟಿದ ಇಬ್ಬರೇ ಇದ್ದಾರೆ. ಜತೆಗಿರಲಿ ಎಂದು ನಾಯಿ ಕೇಳುತ್ತಾರೆ. ಅವರಿಗೆ ಕಾಲಿಗೆ ತೊಡರುವ, ಜಿಗಿಯುವ ಮರಿ ಕೊಟ್ಟರೆ ಅಜ್ಜಿ ಬೀಳುವ ಅಪಾಯವಿದೆ. ಸೂಲಿನಲ್ಲಿ ನಿಧಾನದ್ದು ಇದ್ದರೆ ಅದು, ಇಲ್ಲವಾದರೆ ಎರಡು ಮೂರು ವರ್ಷದ ಶಾಂತ ನಾಯಿಯೊಂದನ್ನು ಹುಡುಕಿ ಕೊಡುವುದೇ ನಿಜವಾದ ಉಪಕಾರ. ಇಬ್ಬರ ನಂತರ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತನ್ನೂ ಮಕ್ಕಳೊಂದಿಗೆ ಮೊದಲೇ ಆಡಿಬಿಡಬೇಕು, ಸಂಕೋಚಪಡಬಾರದು. ಶರಾವತಿ ಹಿನ್ನೀರಿನಾಚೆ, ತುಮರಿ ಕಡೆಯವರ ಕಷ್ಟ ಬೇರೆ ಇತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವ ತನಕ ಲಸಿಕೆಗಾಗಿ ಸಾಗರಕ್ಕೆ ಬರಬೇಕಾದರೆ ಲಾಂಚ್ ಕಾಯಬೇಕಿತ್ತು. ಈಗ ಆ ಅಡ್ಡಿ ಇಲ್ಲ. ಬಡವರ ಮನೆ, ಶ್ರೀಮಂತರ ಮನೆ ಎಂಬ ಭೇದವನ್ನು ಮಾತ್ರ ಈ ವಿಚಾರಕ್ಕೆ ತರಬೇಡಿ. ಹಗಲೆಲ್ಲ ಯಾರಾದರೂ ಇರುವ ಸಣ್ಣ ಮನೆ, ಬೀಗ ಹಾಕಿದ ದೊಡ್ಡ ಮನೆಗಿಂತ ಕುನ್ನಿಗೆ ಒಳ್ಳೆಯದು.

ಹೆಣ್ಣು ಮರಿಗಳ ವಿಚಾರಕ್ಕೆ ಬರೋಣ, ಏಕೆಂದರೆ ಇಡೀ ಕೆಲಸ ಸೋಲುವುದು ಅಥವಾ ಗೆಲ್ಲುವುದು ಇಲ್ಲಿ. ಹೆಣ್ಣು ಬೇಡ ಎನ್ನುವವರಿಗೆ ಹೆಣ್ಣಿನ ಗುಣದ ಮೇಲೆ ತಕರಾರಿಲ್ಲ. ವರ್ಷಕ್ಕೆರಡು ಸಲ ಬೆದೆ, ಅಂಗಳದ ತುಂಬ ಗಂಡುನಾಯಿಗಳ ಕಾದಾಟ, ಮತ್ತೆ ಐದಾರು ಮರಿಗಳ ಚಿಂತೆ ಅವರದು. ಸಂತಾನಹರಣ ಶಸ್ತ್ರಚಿಕಿತ್ಸೆಯಾದರೆ ಈ ಮೂರೂ ಇಲ್ಲ. ಮನೆ ಬಿಟ್ಟು ದೂರ ಅಲೆಯದ ನಾಯಿ ಬೇಕೆನ್ನುವವರಿಗೆ ಅಂಥ ಹೆಣ್ಣೇ ಸರಿ, ಗಂಡಿನಂತೆ ಕಾರ್ತಿಕದಲ್ಲಿ ವಾರಗಟ್ಟಲೆ ನಾಪತ್ತೆಯಾಗುವುದಿಲ್ಲ. ಆದ್ದರಿಂದ ಹೆಣ್ಣು ಮರಿಯನ್ನು ಬರಿಗೈಯಲ್ಲಿ ಕೊಡಬೇಡಿ, ಶಸ್ತ್ರಚಿಕಿತ್ಸೆಯ ಏರ್ಪಾಡಿನ ಜತೆಗೇ ಕೊಡಿ. ಆಗುವವರು ಖರ್ಚಿನಲ್ಲಿ ಪಾಲು ಕೊಡಿ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿ ಆಗದಿದ್ದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಜನವರಿಯ ಮರಿಗೆ ಆರು ತಿಂಗಳಾಗುವುದು ಜುಲೈಯ ಜಡಿಮಳೆಯಲ್ಲಿ, ಆಗ ಹೊಲಿಗೆ ಒಣಗಿಸುವುದು ಕಷ್ಟ. ಮೇ ಕೊನೆಯೊಳಗೆ ಆಗಬಹುದೇ ಎಂದು ವೈದ್ಯರನ್ನು ಕೇಳಿ, ಇಲ್ಲವಾದರೆ ಸೆಪ್ಟೆಂಬರ್ ತಪ್ಪಿಸಬೇಡಿ. ತಾಯಿಗೂ ಮರಿಗಳು ಹಾಲು ಬಿಟ್ಟ ಮೇಲೆ ಮಾಡಿಸಿಬಿಡಿ, ಇಲ್ಲವಾದರೆ ಮುಂದಿನ ವರ್ಷ ಇವೇ ಮನೆಗಳ ಬಾಗಿಲಿಗೆ ಮತ್ತೆ ಹೋಗಬೇಕಾಗುತ್ತದೆ. ಮರಿಗಳನ್ನು ರಸ್ತೆಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಆ ಮೊತ್ತ ಯಾರನ್ನೂ ತಡೆಯದು. ತಡೆಯಬಲ್ಲದ್ದು ಶಸ್ತ್ರಚಿಕಿತ್ಸೆ ಮಾತ್ರ.

ಜಂತುಹುಳದ ಔಷಧಿ ಎರಡನೇ ವಾರಕ್ಕೇ ಶುರುವಾಗಬೇಕು. ಹುಳು ತಾಯಿಯ ಹೊಟ್ಟೆಯಲ್ಲೇ, ಹಾಲಿನಲ್ಲೇ ಮರಿಗೆ ಬಂದಿರುತ್ತದೆ. ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ಕೊಡಬೇಕು. ಪಾರ್ವೊ, ಡಿಸ್ಟೆಂಪರ್ ತಡೆಯುವ ಲಸಿಕೆಯ ಮೊದಲ ಸುತ್ತು ಆರರಿಂದ ಎಂಟನೇ ವಾರದಲ್ಲಿ, ಮುಂದಿನವು ಮೂರು ನಾಲ್ಕು ವಾರದ ಅಂತರದಲ್ಲಿ. ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಮೊದಲ ಸುತ್ತನ್ನು ನೀವೇ ಹಾಕಿಸಿ, ಚೀಟಿಯನ್ನು ಮರಿಯ ಜತೆ ಕೊಡಿ. ಜನವರಿಯ ಮರಿ ಮಾರ್ಚಿನಲ್ಲಿ ಹೋದರೆ ಮಳೆಗಾಲಕ್ಕೆ ಮುಂಚೆ ಲಸಿಕೆಯೆಲ್ಲ ಮುಗಿದು, ಇಂಬಳ, ಕೆಸರು, ಬೋರ್ಡೋ ಸಿಂಪಡಣೆಯ ಕಾಲಕ್ಕೆ ಅದು ಐದು ತಿಂಗಳಿನ ಗಟ್ಟಿ ನಾಯಿಯಾಗಿರುತ್ತದೆ. ಬೋರ್ಡೋ ಬೆರೆಸಿದ ಡ್ರಮ್ಮಿನ ನೀರು ಕುಡಿಯದಂತೆ, ಮುಚ್ಚಳವಿಲ್ಲದ ಗೊಬ್ಬರ ಗ್ಯಾಸ್ ಗುಂಡಿಗೆ ಬೀಳದಂತೆ ನೋಡಿಕೊಳ್ಳಲು ಹೊಸ ಮನೆಯವರಿಗೆ ಹೇಳಿ.

ಉಣುಗಿನ ಮಾತನ್ನು ಈ ಮೂರು ತಾಲ್ಲೂಕಿನಲ್ಲಿ ಹಗುರವಾಗಿ ಬಿಡುವಂತಿಲ್ಲ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಮಂಗನ ಕಾಯಿಲೆ 2018–19ರಲ್ಲಿ ಸಾಗರದ ಅರಳಗೋಡಿನಲ್ಲಿ ಎಷ್ಟು ಮನೆಗಳನ್ನು ಅಲ್ಲಾಡಿಸಿತೆಂಬುದು ನೆನಪಿದೆ. ಉಣುಗಿನ ಮರಿಗಳು ಹೆಚ್ಚುವುದು ನವೆಂಬರಿನಿಂದ ಮೇವರೆಗೆ, ಕುನ್ನಿಗಳು ಮನೆ ಸೇರುವುದೂ ಇದೇ ಕಾಲ. ಕಾಡಂಚು ಸುತ್ತಿ ಬಂದ ನಾಯಿ ಉಣುಗನ್ನು ಜಗಲಿಗೆ ತರಬಹುದು. ಸತ್ತ ಮಂಗದ ಹತ್ತಿರ ಹೋದ ನಾಯಿಯಂತೂ ಹೆಚ್ಚು, ಏಕೆಂದರೆ ಸತ್ತ ಮೈಯಿಂದ ಉಣುಗುಗಳು ಇಳಿದು ಸುತ್ತ ಹರಡುತ್ತವೆ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ದಿನಾ ಹುಡುಕುವ, ವೈದ್ಯರು ಹೇಳಿದ ಔಷಧಿ ಹಾಕುವ ಮನೆಯೇ ಕಾಡಂಚಿನ ಕುನ್ನಿಗೆ ತಕ್ಕ ಮನೆ.

ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳಿಗೂ ಕ್ರಮ ಇದೇ. ಮುಧೋಳ ನಾಯಿ ನಮ್ಮ ರಾಜ್ಯದ ಹೆಮ್ಮೆ, 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಬಯಲುಸೀಮೆಯಲ್ಲಿ ಬೇಟೆ ಅಟ್ಟಲು ಬೆಳೆದ ಆ ತಳಿಯನ್ನು ಮೊಲ, ಮಂಗ, ಉರುಳು ಎಲ್ಲ ಇರುವ ಕಾಡಂಚಿಗೆ ತರುವುದು ನನಗೆ ಸರಿ ಕಾಣುವುದಿಲ್ಲ.

ಒಂದು ಮನೆಗೆ ಜೋಡಿ ಕೊಡಬೇಡಿ. ಒಟ್ಟಿಗೆ ಹೋದ ಎರಡು ಮರಿಗಳು ಒಂದನ್ನೊಂದು ನಂಬಿಕೊಂಡು ಮನೆಯವರ ಮಾತಿಗೆ ಕಿವಿಗೊಡುವುದು ಕಡಿಮೆ. ಒಂದೇ ದಿನ ಎಲ್ಲವನ್ನೂ ಕಳಿಸಿದರೆ ತಾಯಿಯ ಕೆಚ್ಚಲು ಬಾತುಕೊಳ್ಳಬಹುದು, ಎರಡು ಮೂರು ದಿನಕ್ಕೊಂದರಂತೆ ಕೊಡಿ. ಮಂಗಳವಾರ, ಅಮಾವಾಸ್ಯೆ ಬೇಡ ಎಂದರೆ ಒಪ್ಪಿಕೊಳ್ಳಿ, ಎರಡು ದಿನ ತಡವಾದರೆ ನಷ್ಟವಿಲ್ಲ. ಬೆಳಿಗ್ಗೆ ಹೊಟ್ಟೆ ತುಂಬಿಸದೆ ಕಳಿಸಿ, ನಮ್ಮ ತಿರುವುಗಳಲ್ಲಿ ವಾಂತಿ ಗ್ಯಾರಂಟಿ. ತಾಯಿ ಮಲಗಿದ ಗೋಣಿಯ ಒಂದು ತುಂಡು, ತಿನ್ನುತ್ತಿದ್ದ ಊಟದ ವಿವರ, ಲಸಿಕೆ ಚೀಟಿ ಜತೆಗಿರಲಿ. ಮೊದಲ ಮೂರು ರಾತ್ರಿ ಅಳುತ್ತದೆ, ಮನುಷ್ಯರು ಮಲಗುವ ಕಡೆಯೇ ಮಲಗಿಸಿ ಎಂದು ಹೇಳಿಕಳಿಸಿ. ಮೂರನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಫೋನ್ ಮಾಡಿ.

"ಹೊಂದಲಿಲ್ಲ ಅಂದ್ರೆ ಎಲ್ಲೂ ಬಿಡಬೇಡಿ, ನಮ್ಮನೆಗೇ ತಂದು ಬಿಡಿ" ಎಂಬ ಮಾತನ್ನು ಕೊಡುವಾಗಲೇ ಎದುರು ಕೂತು ಹೇಳಿ. ವಾಪಸು ಬಂದರೆ ಬೈಯಬೇಡಿ, ಬೈದರೆ ಮುಂದಿನವರು ತರದೆ ಘಾಟಿಯಲ್ಲಿ ಬಿಡುತ್ತಾರೆ. ಏನಾಯಿತು, ಯಾವ ಹೊತ್ತಿನಲ್ಲಿ, ಯಾರ ಜತೆ ಎಂದು ಕೇಳಿ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಎರಡು ವಾರ ಇಟ್ಟುಕೊಂಡು ನೋಡಿ. ಮಕ್ಕಳ ಗಲಾಟೆಗೆ ಅಂಜಿ ವಾಪಸು ಬಂದ ಮರಿ ಇಬ್ಬರೇ ಇರುವ ಮನೆಯಲ್ಲಿ ನೆಮ್ಮದಿಯಾಗಿ ಇರಬಹುದು. ಎರಡನೇ ಮನೆ ಹುಡುಕುವಾಗ ನಿಮ್ಮ ಬಳಿ ಮೊದಲಿಗಿಂತ ಹೆಚ್ಚು ಮಾಹಿತಿ ಇರುತ್ತದೆ.