ಎಂಟು ಕಿಲೋಮೀಟರ್ ದಾರಿಯಲ್ಲಿ ಒಂದು ಮಿಲಿಮೀಟರ್

ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕು ಸೆಕೆಂಡಿಗೆ 474 ಲಕ್ಷ ಕೋಟಿ ಸಲ ಕಂಪಿಸುತ್ತದೆ. ಕ್ಯಾಮೆರಾ ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ಕಣ್ಣು ತೆರೆದರೂ ಅಷ್ಟರಲ್ಲಿ 47,400 ಕೋಟಿ ಅಲೆಗಳು ಬಂದು ಹೋಗಿರುತ್ತವೆ. ಯಾವ ಅಲೆ ಏರಿನಲ್ಲಿತ್ತು, ಯಾವುದು ಇಳಿತದಲ್ಲಿತ್ತು ಎಂಬುದು, ಭೌತಶಾಸ್ತ್ರದ ಪುಸ್ತಕಗಳು ಪ್ರಾವಸ್ಥೆ ಎಂದು ಕರೆಯುವ ಸಂಗತಿ, ಪೂರ್ತಿ ಅಳಿಸಿಹೋಗುತ್ತದೆ. ಬೆಳಕು ಎಷ್ಟಿತ್ತು ಎಂಬುದಷ್ಟೇ ಉಳಿಯುತ್ತದೆ. ಅಳಿದುಹೋದ ಆ ಸಂಗತಿಯನ್ನು ಮರಳಿ ತಂದುಕೊಡುವ ಯಂತ್ರ ಈಗ ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿದೆ. ಅದೇ ಡಿಜಿಟಲ್ ಹಾಲೊಗ್ರಾಫಿಕ್ ಸೂಕ್ಷ್ಮದರ್ಶಕ.

ಮೂಲ ಉಪಾಯ 1947ರದು. ಹಂಗೇರಿಯಲ್ಲಿ ಹುಟ್ಟಿ ಇಂಗ್ಲೆಂಡಿನ ರಗ್ಬಿ ಊರಿನಲ್ಲಿ ಕೆಲಸ ಮಾಡುತ್ತಿದ್ದ ಡೆನಿಸ್ ಗಾಬೋರ್, ವಸ್ತುವನ್ನು ಸೋಕಿ ಬಂದ ಅಲೆಯೂ ಸೋಕದೆ ಬಂದ ಅಲೆಯೂ ಒಂದರ ಮೇಲೊಂದು ಬೀಳುವಂತೆ ಮಾಡಿದರು. ಎರಡೂ ಸೇರಿದ ಕಡೆ ಕಪ್ಪು-ಬಿಳುಪು ಪಟ್ಟೆಗಳು ಮೂಡುತ್ತವೆ. ಪ್ರಾವಸ್ಥೆ ಆ ಪಟ್ಟೆಗಳಲ್ಲಿ ಅಡಗಿ ಕೂರುತ್ತದೆ. ಲೇಸರ್ ಬರಲು ಇನ್ನೂ 13 ವರ್ಷ ಇತ್ತು, ಅವರ ಕೈಯಲ್ಲಿದ್ದದ್ದು ಪಾದರಸದ ದೀಪ. 1971ರಲ್ಲಿ ನೊಬೆಲ್ ಬಂತು.

ಪಟ್ಟೆಗಳು ಏನೇನು ಹೇಳುತ್ತವೆ ಎನ್ನುವುದಕ್ಕೆ ಒಂದು ಕೆಂಪು ರಕ್ತಕಣ ಸಾಕು. ಅಗಲ 7ರಿಂದ 8 ಮೈಕ್ರಾನ್, ಅಂಚಿನ ಬಳಿ ದಪ್ಪ ಸುಮಾರು 2 ಮೈಕ್ರಾನ್. ಪರದೆಯ ಮೇಲೆ ಓರೆಯಾಗಿ ಸಾಲುಗಟ್ಟಿದ ಪಟ್ಟೆಗಳು ಕಣವಿರುವಲ್ಲಿ ಮಾತ್ರ ಕೊಂಚ ಬಾಗಿ, ದಾಟಿದೊಡನೆ ಮತ್ತೆ ನೆಟ್ಟಗಾಗುತ್ತವೆ. ಕಣದೊಳಗೆ ಹಾದ ಬೆಳಕು ಪಕ್ಕದ ಪ್ಲಾಸ್ಮಾದಲ್ಲಿ ಹಾದ ಬೆಳಕಿಗಿಂತ ಸುಮಾರು 120 ನ್ಯಾನೋಮೀಟರ್ ಹಿಂದೆ ಬಿದ್ದದ್ದರ ಗುರುತು ಅದು. ಒಂದು ಇಡೀ ಅಲೆ 633 ನ್ಯಾನೋಮೀಟರ್. ಅದನ್ನು 360 ಡಿಗ್ರಿ ಎಂದುಕೊಂಡರೆ ಈ ಹಿನ್ನಡೆ 70 ಡಿಗ್ರಿಯ ಹತ್ತಿರ. ಒಳ್ಳೆಯ ಯಂತ್ರ ಒಂದೇ ಒಂದು ಡಿಗ್ರಿಯನ್ನೂ ಓದಬಲ್ಲದು. ಅಂದರೆ 1.76 ನ್ಯಾನೋಮೀಟರ್, ಡಿಎನ್‌ಎ ಎಳೆಯ ಅಗಲವೇ 2 ನ್ಯಾನೋಮೀಟರ್. ಇದೇ ಹಿನ್ನಡೆಯಿಂದ ಕಣದೊಳಗಿನ ಹಿಮೋಗ್ಲೋಬಿನ್ನನ್ನು ತೂಗಲೂಬಹುದು: ಸುಮಾರು 30 ಪೈಕೋಗ್ರಾಂ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ ಮೂವತ್ತು ಪಾಲು. ಅಷ್ಟರಲ್ಲಿ ಸುಮಾರು 28 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಬಣ್ಣ ಹಾಕದೆ, ಮುಟ್ಟದೆ ಮಾಡುವ ತೂಕ ಇದು. ನನಗೆ ಈ ಯಂತ್ರದ ಮೇಲೆ ಮನಸ್ಸು ನೆಟ್ಟದ್ದೇ ಈ ಲೆಕ್ಕದಿಂದ.

ಅಳತೆಗೋಲು ಇಷ್ಟು ಸಣ್ಣದಾದಾಗ ಕೋಣೆ ಭಯಂಕರ ದೊಡ್ಡದಾಗುತ್ತದೆ. ಲೇಸರ್ ಕಿರಣ ಎರಡಾಗಿ ಸೀಳಿ, ಒಂದು ಸ್ಲೈಡಿನ ಮೂಲಕ, ಇನ್ನೊಂದು ಬರಿಗಾಳಿಯಲ್ಲಿ, ಸುಮಾರು ಅರ್ಧ ಮೀಟರ್ ಬೇರೆ ಬೇರೆ ದಾರಿ ಹಿಡಿಯುತ್ತದೆ ಎನ್ನೋಣ. ಒಂದು ಅಲೆಯನ್ನು ಒಂದು ಸೆಂಟಿಮೀಟರಿಗೆ ಹಿಗ್ಗಿಸಿದರೆ ಆ ಅರ್ಧ ಮೀಟರ್ 7.9 ಕಿಲೋಮೀಟರ್ ಆಗುತ್ತದೆ. ಫೋಟೊ ತೆಗೆಯುವಾಗ ಎರಡು ದಾರಿಗಳ ನಡುವಿನ ವ್ಯತ್ಯಾಸ ಅಲೆಯ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಕದಲಬಾರದು. ಎಂಟು ಕಿಲೋಮೀಟರಿನಲ್ಲಿ ಒಂದು ಮಿಲಿಮೀಟರ್! 10 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಪಟ್ಟಿ ಒಂದು ಡಿಗ್ರಿ ಬಿಸಿಯಾದರೆ 2.3 ಮೈಕ್ರಾನ್ ಹಿಗ್ಗುತ್ತದೆ, ಅಂದರೆ ಮೂರೂವರೆ ಅಲೆಗೂ ಮಿಕ್ಕಿ. ಒಂದು ದಾರಿಯ ಗಾಳಿ ಮಾತ್ರ ಒಂದು ಡಿಗ್ರಿ ಬೆಚ್ಚಗಾದರೂ ಮುಕ್ಕಾಲು ಅಲೆಯಷ್ಟು ವ್ಯತ್ಯಾಸ. ಕಿರಣದ ಹತ್ತಿರ ಅಂಗೈ ಹಿಡಿದರೆ ಪಟ್ಟೆಗಳು ಮೆಲ್ಲಗೆ ಹರಿಯತೊಡಗುವುದು ಪರದೆಯಲ್ಲೇ ಕಾಣುತ್ತದೆ. ಹಾಗಾಗಿ ಫ್ಯಾನ್ ಆಫ್, ಎ.ಸಿ. ಗಾಳಿ ಆ ಕಡೆಗೆ ಬೇಡ, ಮೇಜು ಗೋಡೆಗೆ ತಾಗಬಾರದು, ಲ್ಯಾಪ್‌ಟಾಪ್ ಬೇರೆ ಮೇಜಿನ ಮೇಲಿರಬೇಕು. ಲೇಸರ್ ಹಚ್ಚಿದ ತಕ್ಷಣ ಅಳೆಯಲು ಕೂರಬಾರದು. ಕಾದು ಸ್ಥಿರವಾಗಲು ಅರ್ಧ ಗಂಟೆಯಾದರೂ ಬಿಡಬೇಕು.

ಎರಡು ಕಿರಣಗಳು ಮತ್ತೆ ಕೂಡುವ ಕೋನ ಸುಮಾರು ಮೂರೂವರೆ ಡಿಗ್ರಿ ಇದ್ದರೆ ಪಟ್ಟೆಗಳ ನಡುವಿನ ಅಂತರ 10 ಮೈಕ್ರಾನ್ ಆಸುಪಾಸಿನಲ್ಲಿರುತ್ತದೆ. 3.45 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾದಲ್ಲಿ ಪಟ್ಟೆಗೆ ಮೂರು ಪಿಕ್ಸೆಲ್ ಸಿಕ್ಕಂತಾಯಿತು. ಕೋನ ಐದೂಕಾಲು ಡಿಗ್ರಿ ದಾಟಿದರೆ ಪಟ್ಟೆಗೆ ಎರಡು ಪಿಕ್ಸೆಲ್ ಕೂಡ ಸಿಗದೆ ಕ್ಯಾಮೆರಾ ಸುಳ್ಳು ಪಟ್ಟೆಗಳನ್ನು ತೋರಿಸುತ್ತದೆ.

ಇನ್ನು ಕಣ್ಣಿನ ಮಾತು. ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನೇರ ಕಿರಣ ಪಾಪೆಯೊಳಗೆ ಹೋದರೆ ಕಣ್ಣಿನ ಮಸೂರವೇ ಅದನ್ನು ಅಕ್ಷಿಪಟಲದ ಮೇಲೆ ಸಣ್ಣ ಚುಕ್ಕೆಯಾಗಿ ಕೂಡಿಸುತ್ತದೆ. ತೀವ್ರತೆ ಸುಮಾರು ಒಂದು ಲಕ್ಷ ಪಟ್ಟು ಏರುತ್ತದೆ. ಎರಡನೇ ವರ್ಗದ ಲೇಸರಿಗೆ 1 ಮಿಲಿವ್ಯಾಟ್ ಮಿತಿ ಇಟ್ಟಿರುವುದು, ಕಾಲು ಸೆಕೆಂಡಿನಲ್ಲಿ ರೆಪ್ಪೆ ತಾನಾಗಿ ಮುಚ್ಚುತ್ತದೆ ಎಂಬ ಲೆಕ್ಕದ ಮೇಲೆ. ಅದಕ್ಕಿಂತ ಬಲವಾದ ಲೇಸರಿನಲ್ಲಿ ರೆಪ್ಪೆಯನ್ನು ನಂಬುವಂತಿಲ್ಲ. ಕಿರಣದ ಎತ್ತರಕ್ಕೆ ಕಣ್ಣು ಬರುವಂತೆ ಬಗ್ಗಿ ನೋಡಬೇಡಿ. ಕುರ್ಚಿಯಲ್ಲಿ ಕೂತಾಗ ಕಣ್ಣು ಎಲ್ಲಿರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಉಂಗುರ, ಬಳೆ, ವಾಚು ತೆಗೆದಿಡಿ, ಥಳಕು ಲೋಹ ಕಿರಣವನ್ನು ಎತ್ತ ಬೇಕಾದರೂ ತಿರುಗಿಸೀತು. ಕನ್ನಡಿಗಳನ್ನು ಸರಿಹೊಂದಿಸುವಾಗ ಲೇಸರಿನ ಬಲ ತಗ್ಗಿಸಿ, ಕಿರಣ ಎಲ್ಲಿದೆ ಎಂದು ಬಿಳಿ ಕಾರ್ಡು ಅಡ್ಡ ಹಿಡಿದು ಹುಡುಕಿ. ನೋಡುವ ಕೆಲಸವೆಲ್ಲ ಕ್ಯಾಮೆರಾದ್ದು, ಹಾಗಾಗಿ ಕಣ್ಣು ಇಡುವ ಐಪೀಸ್ ಈ ಯಂತ್ರಕ್ಕೆ ಬೇಕಾಗಿಯೇ ಇಲ್ಲ. ಮುಚ್ಚಿದ ಪೆಟ್ಟಿಗೆಯಾಗಿ ಬರುವ ಯಂತ್ರಗಳಲ್ಲಿ ಮುಚ್ಚಳ ತೆಗೆದೊಡನೆ ಲೇಸರ್ ಆರುವ ಸ್ವಿಚ್ ಇದ್ದರೆ ಅದನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಪಟ್ಟೆಗಳಿಂದ ಚಿತ್ರ ಬಿಡಿಸುವುದು ಗಣಿತ. 2048 × 2048 ಪಿಕ್ಸೆಲ್‌ಗಳ ಹಾಲೊಗ್ರಾಮಿಗೆ, ಅಂದರೆ ಪಟ್ಟೆಗಳ ಫೋಟೊಗೆ, ಅಲೆಗಳನ್ನು ಬೇರ್ಪಡಿಸುವ ಫೂರಿಯೇ ಲೆಕ್ಕವನ್ನು ನೇರವಾಗಿ ಮಾಡಿದರೆ 17.6 ಲಕ್ಷ ಕೋಟಿ ಗುಣಾಕಾರ. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಪ್ರಕಟಿಸಿದ ಒಳದಾರಿಯಲ್ಲಿ ಅದು ಸುಮಾರು 9 ಕೋಟಿಗೆ ಇಳಿಯುತ್ತದೆ. ಸಾಧಾರಣ ಲ್ಯಾಪ್‌ಟಾಪಿಗೆ ಸೆಕೆಂಡೂ ಬೇಡ. ಫೋಕಸ್ ತಪ್ಪಿದ್ದರೂ ಚಿಂತೆಯಿಲ್ಲ, ಫೋಟೊ ತೆಗೆದಾದ ಮೇಲೆ ಲೆಕ್ಕದಲ್ಲೇ ಫೋಕಸ್ ಮಾಡಬಹುದು.

ಮಸೂರವೇ ಇಲ್ಲದ ಬಗೆಯೊಂದಿದೆ. ಶಾಲೆ-ಕಾಲೇಜುಗಳಲ್ಲಿ ಮೊದಲು ಕಟ್ಟಬೇಕಾದದ್ದು ಅದೇ ಎಂದು ನನ್ನ ಅಭಿಪ್ರಾಯ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕ್ಯಾಮೆರಾದ ಎರಡನೇ ಆವೃತ್ತಿಯ ಮಸೂರ ತೆಗೆದು, ಅದರ 1.12 ಮೈಕ್ರಾನ್ ಪಿಕ್ಸೆಲ್‌ಗಳ ಸಂವೇದಕಕ್ಕೆ ಆದಷ್ಟು ಹತ್ತಿರ ಸ್ಲೈಡ್ ಇಟ್ಟು, ಮೇಲಿನಿಂದ ಸೂಜಿರಂಧ್ರದ ಹಿಂದೆ ಒಂದು ಎಲ್‌ಇಡಿ ಹಚ್ಚಿದರೆ ಸಾಕು. ಎರಡೂ ಅಲೆಗಳು ಒಂದೇ ದಾರಿಯಲ್ಲಿ ಬರುವುದರಿಂದ ಮೇಜು ಕೊಂಚ ನಡುಗಿದರೂ ನಡೆಯುತ್ತದೆ. ಲೇಸರಿನ ಅಪಾಯವೂ ಇಲ್ಲ. 40 ಪಟ್ಟಿನ ಮಸೂರದಲ್ಲಿ ಒಮ್ಮೆಗೆ ಕಾಣುವುದು 0.2 ಚದರ ಮಿಲಿಮೀಟರ್ ಜಾಗ, ಇಲ್ಲಿ ಸಂವೇದಕದ ಪೂರ್ತಿ 10 ಚದರ ಮಿಲಿಮೀಟರ್. ಇಂಥದೇ ಮಸೂರರಹಿತ ವಿಧಾನದಿಂದ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಅಯ್ದೋಗನ್ ಓಜ್ಕನ್ ಅವರ ತಂಡ 24,000ಕ್ಕೂ ಹೆಚ್ಚು ಮಾನವ ವೀರ್ಯಾಣುಗಳ ಈಜನ್ನು ಮೂರು ಆಯಾಮಗಳಲ್ಲಿ ಹಿಂಬಾಲಿಸಿ 2012ರಲ್ಲಿ ಪ್ರಕಟಿಸಿತು. ಈಜುವವುಗಳಲ್ಲಿ ತಿರುಪಿನಂತೆ ಸುತ್ತುತ್ತ ಸಾಗುವವು ನೂರಕ್ಕೆ ನಾಲ್ಕೈದು ಮಾತ್ರ, ಅವುಗಳಲ್ಲಿ ಸುಮಾರು ಶೇ. 90 ಬಲಸುತ್ತಿನವು.