ಓಲೆಗಟ್ಟುಗಳನ್ನು ಊರಿಂದೂರಿಗೆ ಕಳುಹುವ ಬಗೆ

ನಮ್ಮ ನಾಡಿನ ಅನೇಕ ಮಠ-ಮನೆಗಳ ಜಗುಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಡವೋಲೆಯ ಕಟ್ಟುಗಳು ಇಂದಿಗೂ ಉಂಟು. ವಿಭೂತಿ-ಪತ್ರೆಗಳನ್ನೇರಿಸಿ ಪೂಜಿಸುವರಲ್ಲದೆ ಬಿಚ್ಚಿ ನೋಡುವವರು ವಿರಳ. ಡಾ. ಫ. ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಅರಸಿ ಕೂಡಿಸದಿದ್ದರೆ ವಚನಶಾಸ್ತ್ರಸಾರವು 1923ರಲ್ಲಿ ಅಚ್ಚಾಗುತ್ತಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಮನೆಯ ಓಲೆಗಳನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂತಹ ಸಂಸ್ಥೆಗೆ ಒಪ್ಪಿಸಲು ಬಯಸಿ, ಕಳುಹುವ ಕ್ರಮವನ್ನು ಕೇಳಿರುವುದರಿಂದ ಈ ಲೇಖನ.

ಮೊದಲು ನನ್ನ ತಪ್ಪನ್ನೇ ನಿವೇದಿಸುವೆನು. ಉಪಾಧ್ಯಾಯ ವೃತ್ತಿಯ ಆರಂಭದಲ್ಲಿ ವಚನಗಳ ಕಟ್ಟೊಂದನ್ನು ಮಳೆಗಾಲದಲ್ಲಿ ಪಾರ್ಸೆಲ್ ಮಾಡಿದೆನು. ನೀರು ತಾಗದಿರಲೆಂದು ಗರಿಗಳಿಗೆ ಒತ್ತಿ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದೆನು; ಹಳೆಯ ದಾರವು ಜೀರ್ಣವಾಗಿದ್ದುದನ್ನು ಗಮನಿಸಲಿಲ್ಲ; ವಿಳಾಸದ ಚೀಟಿಯನ್ನು ಹೊರಗಷ್ಟೇ ಅಂಟಿಸಿದೆನು. ಚೀಟಿ ನೆನೆದು ಕಳಚಿತು. ವಾರಗಳ ಮೇಲೆ ಪೆಟ್ಟಿಗೆ ದೊರೆತಾಗ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿದಿತ್ತು, ದಾರ ಹರಿದು ಗರಿಗಳು ಕಲೆತುಹೋಗಿದ್ದವು, ಅಂಚು ಮುರಿದು ಗರಿಯಂಕಿಗಳು ಅಳಿದಿದ್ದವು. ಕಾವ್ಯವಾಗಿದ್ದರೆ ಕಥೆಯ ಎಳೆ ಹಿಡಿದು ಜೋಡಿಸಬಹುದಿತ್ತು. ವಚನಗಳಾದರೋ ಬಿಡಿ ಬಿಡಿ. ಒಡಲು ಒಂದು ಗರಿಯಲ್ಲಿ, ಅಂಕಿತ ಮುಂದಿನ ಗರಿಯಲ್ಲಿ. ಅವೆರಡೂ ಅಗಲಿದರೆ ಅದು ಯಾವ ಶರಣರ ನುಡಿಯೆಂದು ಹೇಳುವವರಾರು? ಆ ಕಟ್ಟಿನ ಹಲವು ಗರಿಗಳ ಸ್ಥಾನ ಇಂದಿಗೂ ನಿರ್ಣಯವಾಗಿಲ್ಲ.

ಆದುದರಿಂದ ಕಳುಹುವ ಮುನ್ನ ಪ್ರತಿ ಗರಿಯ ಎರಡೂ ಮೈಯ ಛಾಯಾಚಿತ್ರವನ್ನು ಅನುಕ್ರಮವಾಗಿ ತೆಗೆದಿರಿಸಬೇಕು. ಇಂದಿನ ಮೊಬೈಲೇ ಇದಕ್ಕೆ ಸಾಕು. ಗರಿಯ ಮೇಲೆ ಏನನ್ನೂ ಬರೆಯಲಾಗದು. ಜೀರ್ಣವಾದ ದಾರವನ್ನು ತೆಗೆದು ಹೊಸ ಹತ್ತಿಯ ದಾರವನ್ನು ಪೋಣಿಸಬೇಕು. ಬಿಗಿ ಹೆಚ್ಚಾದರೆ ರಂಧ್ರದ ಬಳಿ ಗರಿ ಸೀಳುವುದು, ಸಡಿಲವಾದರೆ ಗರಿಗಳು ಒಂದನ್ನೊಂದು ಉಜ್ಜುವುವು. ಮೇಲೆ ಕೆಳಗೆ ಇಡುವ ಮರದ ಹಲಗೆಗಳು ಗರಿಗಿಂತ ಉದ್ದಗಲದಲ್ಲಿ ಕಿಂಚಿತ್ ಹಿರಿದಾಗಿರಲಿ. ಪೆಟ್ಟು ಹಲಗೆಗೆ ತಾಗಲಿ, ಓಲೆಗೆ ಬೇಡ. ಗಂಜಿ ಹಾಕದ, ಒಗೆದು ಒಣಗಿಸಿದ ಹತ್ತಿಯ ವಸ್ತ್ರದಲ್ಲಿ ಸುತ್ತಿ, ಬಜೆಯ ತುಂಡುಗಳ ಪುಟ್ಟ ಗಂಟನ್ನು ಜೊತೆಗಿರಿಸುವುದು ಹಿರಿಯರ ರೂಢಿ.

ಗಟ್ಟಿ ಪೆಟ್ಟಿಗೆಯಲ್ಲಿ ಸುತ್ತಲೂ ಎರಡು ಬೆರಳಷ್ಟು ತೆರಪು ಬಿಟ್ಟು ಮಡಿಸಿದ ಬಟ್ಟೆಯನ್ನು ತುಂಬಬೇಕು. ಹುಲ್ಲು ಬೇಡ, ತೇವವನ್ನೂ ಹುಳುವನ್ನೂ ತರುವುದು. ಮೆಲ್ಲನೆ ಓರೆ ಮಾಡಿದಾಗ ಒಳಗೆ ಸರಿದಾಡಬಾರದು. ಪ್ಲಾಸ್ಟಿಕ್ ಹಾಳೆ ಪೆಟ್ಟಿಗೆಯ ಹೊರಮೈಗೆ ಮಾತ್ರ.

ಕಳುಹುವವರ, ಪಡೆಯುವವರ ವಿಳಾಸಗಳು ಹೊರಗೆ ಎರಡು ಪಕ್ಕದಲ್ಲಿ, ನೀರಿಗೆ ಅಳಿಯದ ಮಸಿಯಲ್ಲಿ ಇರಲಿ. ಒಳಗೂ ಒಂದು ಪ್ರತಿ. ಗ್ರಂಥದ ಹೆಸರು, ಗರಿಗಳ ಸಂಖ್ಯೆ, ಉದ್ದಗಲ, ಮುರಿದ ಗರಿಗಳ ವಿವರವನ್ನು ಒಳಚೀಟಿಯಲ್ಲಿ ನಮೂದಿಸಿ ನಕಲನ್ನು ತಾವಿಟ್ಟುಕೊಳ್ಳುವುದು. ಮೇಲ್ಮುಖದ ಎರಡು ಬಾಣ, ಕೊಡೆ, ಗಾಜಿನ ಬಟ್ಟಲು—ಈ ಚಿಹ್ನೆಗಳನ್ನು ಕನ್ನಡವರಿಯದ ಹಮಾಲನೂ ಬಲ್ಲನು. "ಅಮೂಲ್ಯ ವಸ್ತು" ಎಂದು ಬರೆದು ಕಳ್ಳನನ್ನು ಕರೆಯಬೇಡಿರಿ.

ಪರದೇಶದಲ್ಲಿರುವ ಬಂಧುಗಳಿಗೆ ಕಳುಹುವ ವಿಚಾರವನ್ನಂತೂ ಬಿಡಿರಿ. 75 ವರ್ಷಗಳಿಗೆ ಕಡಿಮೆಯಿಲ್ಲದ, ಸಾಹಿತ್ಯಕ ಅಥವಾ ಐತಿಹಾಸಿಕ ಮೌಲ್ಯವುಳ್ಳ ಹಸ್ತಪ್ರತಿಯನ್ನು ಖಾಸಗಿಯವರು ದೇಶದಾಚೆಗೆ ಸಾಗಿಸುವುದನ್ನು 1972ರ ಪುರಾವಸ್ತು ಕಾಯಿದೆ ನಿಷೇಧಿಸಿದೆ.

ಮಳೆಗಾಲ ಕಳೆದ ಮೇಲೆ ಕಳುಹಿರಿ. ಆದಲ್ಲಿ ಒಬ್ಬರು ಕೈಯಲ್ಲೇ ಒಯ್ಯಲಿ. ತಲಪಿದ ಕೂಡಲೆ ಬಿಚ್ಚದೆ, ಒಂದು ದಿನ ನೆರಳಿನ ಕೋಣೆಯಲ್ಲಿರಿಸಿ, ಬಳಿಕ ಒಳಚೀಟಿಯೊಡನೆ ಗರಿಗಳನ್ನು ಎಣಿಸಿ ನೋಡಬೇಕೆಂದು ಪಡೆಯುವವರಿಗೆ ಮೊದಲೇ ಪತ್ರ ಬರೆದಿರಬೇಕು.