ಬಿಗಿದ ಪುಲ್ಲಿ, ಬಿಡಿಸುವ ಕೈ

ಕಾರಟಗಿಗೆ ನಾನು ಹೋದುದು ಅಲ್ಲಿಯ ಅಕ್ಕಿ ಗಿರಣಿಗಳನ್ನು ನೋಡುವುದಕ್ಕಲ್ಲ; ಅಂಬಾಸಡರ್ ಕಾರಿನ ವಾಟರ್ ಪಂಪಿಗೆ ತುಕ್ಕು ಹಿಡಿದು ಅಂಟಿಕೊಂಡ ಪುಲ್ಲಿಯನ್ನು, ಅದರ ಅಂಚಿಗೆ ಒಂದು ಗೀರೂ ಬೀಳದಂತೆ ಬಿಡಿಸಬಲ್ಲ ವೃದ್ಧರೊಬ್ಬರು ಆ ಊರಿನಲ್ಲಿದ್ದಾರೆಂಬುದನ್ನು ಕೇಳಿ. ಗಂಗಾವತಿಯಿಂದ ಸಿಂಧನೂರಿಗೆ ಸಾಗುವ ರಸ್ತೆಯ ಮಗ್ಗುಲಿಗೆ, ಬೇವಿನ ಮರವನ್ನು ಆತುಕೊಂಡು ನಿಂತ ತಗಡಿನ ಚಪ್ಪರವೇ ಅವರ ಗ್ಯಾರೇಜು. ಹೆಸರನ್ನು ಅಚ್ಚುಹಾಕಿಸಬೇಡಿರೆಂದು ಅವರು ಕೇಳಿಕೊಂಡುದರಿಂದ, ಅಲ್ಲಿಯ ಹುಡುಗರು ಕರೆಯುವಂತೆ ನಾನೂ ಅವರನ್ನು ಉಸ್ತಾದರೆಂದೇ ಕರೆಯುವೆನು.

ಅವರ ಬಾಯಿಂದ ಕೇಳಿದ ಇತಿಹಾಸ ಸಂಕ್ಷಿಪ್ತವಾದುದು. 1953ರಲ್ಲಿ ತುಂಗಭದ್ರೆಗೆ ಅಣೆಕಟ್ಟಾಗಿ, ಎಡದಂಡೆಯ ಕಾಲುವೆ ಹರಿದು, ಜೋಳ ಬೆಳೆಯುತ್ತಿದ್ದ ಎರೆಯ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಭತ್ತದ ಬೆನ್ನಿಗೆ ಗಿರಣಿಗಳೂ ಗಿರಣಿಗಳ ಬೆನ್ನಿಗೆ ಮಾಲೀಕರ ಕಾರುಗಳೂ ಬಂದವು. ಉಸ್ತಾದರ ಕೈ ಪಳಗಿದುದು ಕಾರುಗಳಲ್ಲಲ್ಲ, ಗಿರಣಿಯಲ್ಲಿ. ಒಂದೇ ಇಂಜಿನ್ನಿನ ಬಲದಿಂದ ಮಾಡಿನ ಕೆಳಗೆ ಉದ್ದಕ್ಕೂ ತಿರುಗುತ್ತಿದ್ದ ಶಾಫ್ಟಿನ ಮೇಲೆ, ಪಟ್ಟಾಗಳನ್ನು ಹೊತ್ತು ಓಡುತ್ತಿದ್ದ ಭಾರಿ ಬೀಡಿನ ಪುಲ್ಲಿಗಳನ್ನು ಕಳಚಿ ಕೂಡಿಸುವ ಕೆಲಸದಲ್ಲಿ. “ಅಲ್ಲಿ ಒಂದ್ ಪುಲ್ಲಿ ಒಡದ್ರ ಇಡೀ ಗಿರಣಿ ನಿಂದರ್ತಿತ್ರೀ. ಹಮಾಲರು ಬರಿಗೈಲೆ ಮನಿಗೆ ಹೋಗ್ತಿದ್ರು. ಹಂಗಾಗಿ ನಾ ಬಡಿಯೂದು ಕಲೀಲೇ ಇಲ್ಲ” ಎಂದರು.

ಆ ದಿನ ಚಪ್ಪರದ ಕೆಳಗೆ ನಿಂತಿದ್ದುದು ಗಿರಣಿಯ ಮನೆತನವೊಂದರ ಬಿಳಿಯ ಅಂಬಾಸಡರ್. ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್‌ನವರು, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಅನುಸರಿಸಿ, ಐವತ್ತರ ದಶಕದ ಕೊನೆಯಿಂದ 2014ರವರೆಗೆ ತಯಾರಿಸಿದ ವಾಹನವಿದು. ಇದರ 1489 ಸಿಸಿಯ ಹಳೆಯ ಇಂಜಿನ್ನಿನ ಮುಂಭಾಗದಲ್ಲಿ, ರೇಡಿಯೇಟರಿನ ಹಿಂದುಗಡೆ ವಾಟರ್ ಪಂಪಿರುವುದು. ಅದರ ದಂಡದ ಒಳತುದಿಯ ರೆಕ್ಕೆಗಳು ನೀರನ್ನು ಇಂಜಿನ್ನಿನೊಳಕ್ಕೆ ನೂಕುತ್ತವೆ. ಹೊರತುದಿಯ ಹಬ್ಬಿಗೆ, ಎಂದರೆ ಗುಂಬಕ್ಕೆ, ಪುಲ್ಲಿ, ಫ್ಯಾನು ಎರಡನ್ನೂ ನಾಲ್ಕು ಬೋಲ್ಟುಗಳಿಂದ ಬಿಗಿದಿರುತ್ತಾರೆ. ನಡುವಣ ಸೀಲು ಸವೆದಾಗ ಪಂಪಿನ ಹೊಟ್ಟೆಯಡಿಯ ಸಣ್ಣ ರಂಧ್ರದಿಂದ ನೀರು ತೊಟ್ಟಿಕ್ಕತೊಡಗುತ್ತದೆ. ಅದು ಎಚ್ಚರಿಕೆಗೆಂದೇ ಇಟ್ಟ ರಂಧ್ರ. ಅದನ್ನು ಲೇಪ ಹಚ್ಚಿ ಮುಚ್ಚಿಬಿಡುವವರುಂಟು. ಹಾಗೆ ಮುಚ್ಚಿದಾಗ ನೀರು ಬೇರಿಂಗಿನೊಳಗೆ ಹೊಕ್ಕು ಅದನ್ನೂ ತಿನ್ನುತ್ತದೆ.

ಇನ್ನು ಪುಲ್ಲಿ ಅಂಟಿಕೊಳ್ಳುವುದೇಕೆ? ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಸ್ಥಳವನ್ನಾಕ್ರಮಿಸುತ್ತದೆ. ಹಬ್ಬಿನ ಉಬ್ಬಿದ ನಡುಭಾಗದ ಮೇಲೆ ಬೆರಳಿನಿಂದಲೇ ಜಾರಿ ಕೂಡುತ್ತಿದ್ದ ಪುಲ್ಲಿಯ ಸಂದಿನಲ್ಲಿ, ವರ್ಷಗಳ ಕಾಲ ನೀರಿನ ತುಂತುರು ಬಿದ್ದು ಬೆಳೆದ ಆ ತುಕ್ಕೇ ಬೆಣೆಯಾಗುತ್ತದೆ. ಅವಸರದವರು ಪಂಪಿಗೂ ಪುಲ್ಲಿಗೂ ನಡುವೆ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ. ತಗಡನ್ನೊತ್ತಿ ಮಾಡಿದ ಅಂಚು ಕೂದಲೆಳೆಯಷ್ಟು ಸೊಟ್ಟಗಾದರೂ ಸಾಕು, ಬೆಲ್ಟು ಓಲಾಡುತ್ತ ತನ್ನನ್ನೇ ತಿಂದುಕೊಳ್ಳುತ್ತದೆ. ಹೊಸ ಪಂಪು ಇಂದಿಗೂ ಅಂಗಡಿಯಲ್ಲಿ ಸಿಕ್ಕೀತು. ಸೊಟ್ಟಗಾಗದ ಹಳೆಯ ಪುಲ್ಲಿ ಸಿಕ್ಕುವುದು ಕಷ್ಟ. ಆದುದರಿಂದ ಬದಲಾಯಿಸುವುದು ಪಂಪನ್ನಾದರೂ ಉಸ್ತಾದರು ಕಾಪಾಡುವುದು ಪುಲ್ಲಿಯನ್ನು.

ಹಿಂದಿನ ಸಂಜೆಯೇ ಅವರು ಸಂದಿಗೆ ಚಿಮಣಿ ಎಣ್ಣೆ ಉಣಿಸಿದ್ದರು. ಬೆಳಗ್ಗೆ ನೀರು ಬಸಿದು, ರೇಡಿಯೇಟರನ್ನು ಇಳಿಸಿ, ಡೈನಮೊ ಸಡಿಲಿಸಿ, ಬೆಲ್ಟು ತೆಗೆದಾಯಿತು. ಬೋಲ್ಟುಗಳಿಗೆ ಹುಡುಗನೊಬ್ಬ 13 ಮಿಲಿಮೀಟರಿನ ಪಾನಾ ತಂದಾಗ ಉಸ್ತಾದರು ತಲೆಯಾಡಿಸಿ, “ಅರ್ಧ ಇಂಚಿಂದು ತಾರೋ ತಮ್ಮಾ” ಎಂದರು. ಅರ್ಧ ಅಂಗುಲವೆಂದರೆ 12.7 ಮಿಲಿಮೀಟರು, ಆ ಅತ್ಯಲ್ಪ ಸಡಿಲಿಕೆಯೇ ಹಳೆಯ ಬೋಲ್ಟಿನ ಮೂಲೆಗಳನ್ನು ಉರುಟಾಗಿಸಲು ಸಾಕು. ಫ್ಯಾನು ಬಂತು. ಪುಲ್ಲಿ ಅಲುಗಲಿಲ್ಲ.

ಆಮೇಲೆ ಮೂರು ಕಾಲಿನ ಪುಲ್ಲರು ಹೊರಬಂತು. ಅದರ ಕೊಕ್ಕೆಗಳನ್ನು ಅಂಚಿಗೆ ಹಾಕದೆ, ಬೆನ್ನ ಹಿಂದಿನಿಂದ ನಡುವಿಗೆ ಸಾಧ್ಯವಾದಷ್ಟು ಸಮೀಪದಲ್ಲಿ ಕೂಡಿಸಿ, ತಿರುಪಿನ ಮೊನೆಯನ್ನು ದಂಡದ ತುದಿಗೆ ಆನಿಸಿ, ಅರ್ಧ ಸುತ್ತು ಬಿಗಿದರು. ತಿರುಪಿನ ತಲೆಗೆ ಹಗುರಾಗಿ ಒಂದು ಪೆಟ್ಟು ಕೊಟ್ಟರು. ಕೈ ತೆಗೆದು ಕುಳಿತರು. ಬಹಳ ಹೊತ್ತು ಏನೂ ಮಾಡಲಿಲ್ಲ. ಮತ್ತೆ ಕಾಲು ಸುತ್ತು, ಮತ್ತೊಂದು ಪೆಟ್ಟು, ಮತ್ತೆ ಮೌನ. ನಾನು ಎಷ್ಟೋ ಗ್ಯಾರೇಜುಗಳನ್ನು ಕಂಡಿದ್ದೇನೆ. ಕೈಯನ್ನು ಹೀಗೆ ತಡೆಹಿಡಿಯುವುದೂ ಕೆಲಸವೇ ಎಂಬುದನ್ನು ಕಂಡುದು ಅಂದೇ. ಗ್ಯಾಸಿನ ಜ್ವಾಲೆ ತೋರಿಸಬಾರದೇ ಎಂದು ಕೇಳಿದೆ. “ತೆಳ್ಳನ ತಗಡ್ರಿ, ಬೆಂಕಿ ತೋರಿಸಿದ್ರ ಸೊಟ್ಟ ಆಗ್ತೈತಿ” ಎಂದವರು, ಪಕ್ಕದ ಚಹಾದಂಗಡಿಯಿಂದ ಕುದಿಯುವ ನೀರಿನ ಕೆಟಲಿ ತರಿಸಿ ಪುಲ್ಲಿಯ ಸುತ್ತಲೂ ಸುರಿಸಿದರು. ತಗಡು ಮೊದಲು ಕಾದು ಹಿಗ್ಗುವುದು, ಒಳಗಿನ ಹಬ್ಬು ಇನ್ನೂ ತಣ್ಣಗಿರುವುದು. ಆ ಕ್ಷಣಮಾತ್ರದ ಅಂತರವನ್ನೇ ಹಿಡಿದು ಕಾಲು ಸುತ್ತು ಬಿಗಿದಾಗ, ಒಣ ಕಡ್ಡಿ ಮುರಿದಂತೆ ಟಕ್ಕೆಂದಿತು. ಪುಲ್ಲಿ ಅವರ ಅಂಗೈಗೆ ಬಂದಿತ್ತು.

ಹೊಸ ಪಂಪನ್ನು ಗ್ಯಾಸ್ಕೆಟ್ಟಿನೊಡನೆ ಕೂಡಿಸಿದುದು ಅರ್ಧ ಗಂಟೆಯ ಮಾತು.

ಈಗ ಗಿರಣಿಗಳಲ್ಲಿ ಯಂತ್ರಕ್ಕೊಂದು ಮೋಟಾರು. ಮಾಡಿನ ಕೆಳಗಿನ ಉದ್ದನೆಯ ಶಾಫ್ಟು ಅಪರೂಪ. ಮಾಲೀಕರ ಹೊಸ ಕಾರುಗಳು ಈ ಚಪ್ಪರದ ಕಡೆ ತಿರುಗುವುದಿಲ್ಲ. ತಿಂಗಳಲ್ಲಿ ಒಂದೆರಡು ಅಂಬಾಸಡರ್, ಎಂದೋ ಒಂದು ಪದ್ಮಿನಿ ಕಾರು ಬಂದರೆ ಹೆಚ್ಚು. ಐಟಿಐಗಳಲ್ಲಿ ಉಸ್ತಾದರಂಥವರನ್ನು ವಾರಕ್ಕೊಂದು ಹೊತ್ತು ಕರೆದು ಕೂಡಿಸಿದರೆ ಎಷ್ಟು ಚೆನ್ನಾಗಿರುತ್ತಿತ್ತೆಂದು ನನಗನ್ನಿಸಿತು. ಪಾನಾ ತಂದುಕೊಟ್ಟ ಹುಡುಗ ಬರುವ ತಿಂಗಳು ಗಂಗಾವತಿಯ ಶೋರೂಮೊಂದಕ್ಕೆ ಕೆಲಸಕ್ಕೆ ಹೋಗುತ್ತಾನಂತೆ. ಉಸ್ತಾದರು ಅದನ್ನು ಸಂತೋಷದಿಂದಲೇ ಹೇಳಿದರು.

ನಾನು ಹೊರಟಾಗ ಸಂಜೆಯಾಗಿತ್ತು. ಅವರು ಪುಲ್ಲರಿನ ತಿರುಪಿಗೆ ಗ್ರೀಸು ಸವರಿ, ಗೋಣಿಯ ತುಂಡಿನಲ್ಲಿ ಸುತ್ತಿ, ಹುಡುಗನ ಕೈಗಿತ್ತು, “ಮ್ಯಾಲಿಡಪಾ, ನೆಲಕ್ಕಿಟ್ರ ತುಕ್ಕು ಹಿಡೀತದ” ಎಂದರು. ಹುಡುಗ ತುದಿಗಾಲಲ್ಲಿ ನಿಂತು ಅದನ್ನು ತೊಲೆಯ ಮೇಲಿಟ್ಟ.